ಪದಚರ್ಚೆ: ಲೀ ಪತ್ರದ ‘ರೆವಲ್ಯೂಷನ್’ ಕ್ರಾಂತಿಯೋ, ದಂಗೆಯೋ, ಬಂಡಾಯವೋ?

ನಮಸ್ಕಾರ. ಕಾಲೇಜಿನ ಇತಿಹಾಸ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ, ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಅಮೆರಿಕದ ಅಂತರ್ಯುದ್ಧಕ್ಕೆ ಮುಂಚೆ, 1861ರ ಜನವರಿ 23ರಂದು, ಟೆಕ್ಸಾಸಿನ ಫೋರ್ಟ್ ಮೇಸನ್‌ನಿಂದ ಮುಂದೆ ದಕ್ಷಿಣದ ರಾಜ್ಯಗಳ ಸೇನಾನಿಯಾದ ರಾಬರ್ಟ್ ಇ. ಲೀ ಮಗನಿಗೆ ಬರೆದ ಪತ್ರ. ಆಗಿನ್ನೂ ಅವರು ಒಕ್ಕೂಟದ ಸೇನೆಯಲ್ಲೇ ಲೆಫ್ಟಿನೆಂಟ್ ಕರ್ನಲ್. ‘ಸಿಸೆಷನ್ (ರಾಜ್ಯಗಳು ಒಕ್ಕೂಟದಿಂದ ಹೊರನಡೆಯುವುದು) ಅಂದರೆ ರೆವಲ್ಯೂಷನ್ನೇ, ಬೇರೇನಲ್ಲ’ ಎನ್ನುತ್ತಾರೆ. ‘ಪ್ರತ್ಯೇಕತಾವಾದವೇ ಕ್ರಾಂತಿ’ ಎಂದು ಬರೆದೆ. ಓದಿದವರು ಲೀ ಹೊಗಳುತ್ತಿದ್ದಾರೆ ಅಂದುಕೊಂಡರು. ಏನು ಮಾಡಲಿ?

ಮರು:
ಪ್ರತ್ಯೇಕತಾವಾದ ಒಂದು ನಿಲುವು, ಸಿಸೆಷನ್ ಒಂದು ಕೃತ್ಯ. ‘ಒಕ್ಕೂಟ ತೊರೆಯುವುದು’ ಸಾಕು. ಆದರೆ ಕ್ರಾಂತಿಯನ್ನು ಕೈಬಿಡಬೇಡಿ. ಹೆಜ್ಜೆಯಿಡು, ಸಾಗು ಎಂಬ ಅರ್ಥದ ಕ್ರಮ್ ಧಾತು, ಆಕಾಶದಲ್ಲಿ ಸೂರ್ಯ ಸಾಗುವ ಹಾದಿಯಾದ ಕ್ರಾಂತಿವೃತ್ತ, ಸಂಕ್ರಾಂತಿ ನೋಡಿ. ಇಂಗ್ಲಿಷ್ ಪದವೂ ಗ್ರಹಗಳ ಸುತ್ತಿನಿಂದಲೇ ರಾಜಕೀಯಕ್ಕೆ ಇಳಿದದ್ದು. ಇಂಥ ಜೋಡಿ ಸಿಗುವುದು ಅಪರೂಪ.

ಮರು:
ಲೀ ಪಂಚಾಂಗ ಬರೆಯುತ್ತಿರಲಿಲ್ಲ. ಪತ್ರ ಪೂರ್ತಿ ಓದಿ. ಅಷ್ಟರಲ್ಲಿ ದಕ್ಷಿಣ ಕ್ಯಾರೊಲಿನಾದಿಂದ ಜಾರ್ಜಿಯಾವರೆಗೆ ಐದು ರಾಜ್ಯಗಳು ಹೊರನಡೆದಿದ್ದವು. ಯಾರು ಬೇಕಾದರೂ ಮನಸ್ಸು ಬಂದಾಗ ಮುರಿಯಲಿ ಎಂದಿದ್ದರೆ ಹಿರಿಯರು ಅಷ್ಟು ತಾಳ್ಮೆಯಿಂದ ಸಂವಿಧಾನ ಕಟ್ಟುತ್ತಿರಲಿಲ್ಲ ಎಂಬುದು ಲೀ ವಾದ. ಕಾನೂನಿನಲ್ಲಿ ಇದಕ್ಕೆ ದಾರಿಯಿಲ್ಲ ಎಂದೇ ಅರ್ಥ. (ಸಂವಿಧಾನದ ಪ್ರಸ್ತಾವನೆಯಲ್ಲಿ ‘ಶಾಶ್ವತ ಒಕ್ಕೂಟ’ ಎಂದಿದೆ ಅಂತಲೂ ಲೀ ಬರೆಯುತ್ತಾರೆ. ಆ ಮಾತು ಇರುವುದು ಅದಕ್ಕೂ ಹಿಂದಿನ ಒಕ್ಕೂಟ ಒಪ್ಪಂದದಲ್ಲಿ. ಆ ಸಾಲು ಹಾಕುವುದಾದರೆ ಅಡಿಟಿಪ್ಪಣಿ ಕೊಡಿ.) ‘ದಂಗೆ’ ಹಾಕಿ, ಮುಗಿಸಿ.

ಮರು:
ದಂಗೆ ಸಂತೆಯಲ್ಲೂ ಆಗುತ್ತದೆ. ಇವರು ಅಧಿವೇಶನ ಕರೆದು ಮತ ಹಾಕಿ ಹೊರಟವರು. 1857ನ್ನು ‘ಸಿಪಾಯಿ ದಂಗೆ’ ಎಂದು ಕಿರಿದು ಮಾಡಿದ್ದೂ ಇದೇ ಪದ. ‘ಬಂಡಾಯ’ ಸರಿ. ನರಗುಂದದಲ್ಲಿ 1858ರಲ್ಲಿ ಬಾಬಾಸಾಹೇಬ ಎದ್ದದ್ದೂ ಬಂಡಾಯ, 1980ರಲ್ಲಿ ರೈತರು ಎದ್ದದ್ದೂ ಬಂಡಾಯ.

ಮರು:
ಬಂಡಾಯದ ‘ಬಂಡ’ ಮರಾಠಿಯದು. ದಂಗೆ ಉತ್ತರದ್ದು, ಕ್ರಾಂತಿ ಸಂಸ್ಕೃತದ್ದು. ಎಲ್ಲಾ ಸಾಲ! ಸಾಲದ್ದಕ್ಕೆ, ಸಾಹಿತ್ಯದವರಿಗೆ ಬಂಡಾಯವೂ ಹೊಗಳಿಕೆಯೇ. ‘ತಿರುಗಿಬೀಳು’ ಮರೆತುಹೋಯಿತೇ? ಗ್ರಹದ ಸುತ್ತು ಬೇಕೆನ್ನುವವರಿಗೆ ‘ತಿರುಗು’ವಿನಲ್ಲಿ ಅದೂ ಉಂಟು.

ಮರು:
ಹಾಗಾದರೆ ಅದೇ ಲೀ ಏಪ್ರಿಲ್ 20ರಂದು ಕೆಲಸ ಬಿಡುತ್ತೇನೆಂದು ಒಕ್ಕೂಟದ ಸೇನೆಯ ಮುಖ್ಯಸ್ಥ ಜನರಲ್ ಸ್ಕಾಟ್‌ಗೆ ಬರೆದುಕೊಟ್ಟದ್ದನ್ನು ಏನೆಂದು ಕರೆಯುತ್ತೀರಿ? ರಾಜೀನಾಮೆ ಮೂಲದಲ್ಲಿ ಒಪ್ಪಿಗೆ ಪತ್ರ. ಹಿಂದಿಯಲ್ಲಿ ಇವತ್ತಿಗೂ ರಾಜಿ ಪತ್ರವೇ. ಮುಂಬೈ ಆಡಳಿತದ ಹಳೇ ಜಮೀನು ಕಾಗದಗಳಲ್ಲಿ ಬಿಟ್ಟುಕೊಡುವವನು ರಾಜೀನಾಮೆ, ಹಿಡಿಯುವವನು ಕಬೂಲಾಯತಿ ಬರೆದುಕೊಡುತ್ತಿದ್ದ. ನಾವು ಆ ಬಿಡುವ ಅರ್ಥವನ್ನು ಉಳಿಸಿಕೊಂಡೆವು. ಸಾಲ ತಂದದ್ದನ್ನೂ ದುಡಿಸಿಕೊಳ್ಳಲು ಬರಬೇಕು. ಎಲ್ಲ ಓಡಿಸಿದರೆ ತಹಶೀಲ್ದಾರ್ ಕಚೇರಿಗೆ ಬೀಗ.

ಮರು:
ಬೀಳಲಿ, ಒಳ್ಳೆಯದೇ. ‘ಬಿಡುವೋಲೆ’ ಎನ್ನಿ.

ಮರು:
ಬಿಡುವೋಲೆ ಎಂದರೆ ರಜೆ ಚೀಟಿ ಅಂದುಕೊಳ್ಳುತ್ತಾರೆ ಸ್ವಾಮಿ.

ಮರು:
‘ಒಕ್ಕೂಟ ತೊರೆಯುವುದೆಂದರೆ ತಿರುಗಿಬೀಳುವುದೇ, ಬೇರೇನಲ್ಲ’ ಎಂದು ಅಚ್ಚಿಗೆ ಕಳಿಸಿದೆ. ವ್ಯುತ್ಪತ್ತಿ ನೋಡಿ ಅಲ್ಲ. ಲೀ ಬೈಯುತ್ತಿದ್ದಾರೆ ಎಂದು ಓದಿದ ಹುಡುಗರಿಗೆ ತಿಳಿಯಿತು. ಎರಡನೇ ಫಲಕದಲ್ಲಿ ‘ರಾಜೀನಾಮೆ’ಯೇ ಇರುತ್ತದೆ. ಸ್ಕಾಟ್‌ಗೆ ಬರೆದ ಆ ಪತ್ರದಲ್ಲಿ, ಹುಟ್ಟಿದ ರಾಜ್ಯದ ರಕ್ಷಣೆಗಲ್ಲದೆ ಇನ್ನು ಕತ್ತಿ ಹಿರಿಯಲು ಬಯಸೆ ಎನ್ನುತ್ತಾರೆ. ವರ್ಜೀನಿಯಾವನ್ನು ‘ತಾಯ್ನಾಡು’ ಎನ್ನಬಹುದೇ, ‘ತವರು ರಾಜ್ಯ’ವೇ? ನಾಳೆ ಬೆಳಗ್ಗೆವರೆಗೆ ಸಮಯವಿದೆ. ಜಮೀನು ಕಾಗದ ಬೇಡ.