ಅಕ್ಕನ ಟಬ್ಬಿನ ಅಂತರಗಂಗೆ

ಬಳ್ಳಾರಿ ಅಕ್ಕ: [ಫೋಟೋ] ನೋಡಿ, ನಮ್ಮ ತಾರಸಿಯ ಟಬ್ಬು! ಮೊದಲು ತಂದಿದ್ದು ನಾಲ್ಕೇ ಗಿಡ, ಈಗ ನೀರೇ ಕಾಣುತ್ತಿಲ್ಲ. ಭಾನುವಾರ ಮಾವನ ಮನೆ ಗೃಹಪ್ರವೇಶಕ್ಕೆ ಬರುವಾಗ ಎರಡು ಬಕೆಟ್ ತರುತ್ತೇನೆ. ಯಾರಿಗೆ ಬೇಕು ಹೇಳಿ.

ರಾಯಚೂರು ತಮ್ಮ: ಅಕ್ಕಾ, ನನಗೆ ಎರಡು ಕವರ್ ಇರಲಿ. ಬಾಲ್ಕನಿಯಲ್ಲಿ ಇಡುತ್ತೇನೆ. ಹೂವಿನ ಬಣ್ಣ ಎಷ್ಟು ಚಂದ!

ಕೊಪ್ಪಳ ಚಿಗವ್ವ: ನನಗೂ ಬೇಕು. ನಮ್ಮ ಗುಡಿಯ ಹೊಂಡಕ್ಕೂ ನಾಲ್ಕು ಬಿಡೋಣ. ಅದು ಪಾಳು ಬಿದ್ದ ಹಾಗೆ ಕಾಣುತ್ತದೆ.

ನಾನು: ಅಕ್ಕಾ, ದಯವಿಟ್ಟು ಇದನ್ನು ತರಬೇಡ. ಚಿಗವ್ವಾ, ಹೊಂಡಕ್ಕಂತೂ ಬೇಡವೇ ಬೇಡ. ಇದು ಅಂತರಗಂಗೆ.

ಬಳ್ಳಾರಿ ಅಕ್ಕ: ಹೋದ ಯುಗಾದಿಗೆ ನೀನೇ ಮೂರು ಗಿಡ ಕೇಳಿ ತಗೊಂಡು ಹೋಗಿದ್ದೆಯಲ್ಲ? ಆಗ ಚಂದ ಇತ್ತು, ಈಗ ಬೇಡವಾಯಿತಾ?

ನಾನು: ಹೌದು, ಕೇಳಿದ್ದು ನಾನೇ. ಆಮೇಲೆ ಏನಾಯಿತು ಅಂತ ನಿನಗೆ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಶ್ರಾವಣದ ಹೊತ್ತಿಗೆ ಟಬ್ಬು ತುಂಬಿತು. ಜಾಸ್ತಿಯಾದದ್ದನ್ನು ಒಂದು ಬುಟ್ಟಿ ಮನೆ ಹಿಂದಿನ ಹಳ್ಳಕ್ಕೆ ಸುರಿದೆ. ಕೊಳೆತು ಹೋಗುತ್ತದೆ ಅಂದುಕೊಂಡೆ. ದೀಪಾವಳಿಗೆ ನೋಡಿದರೆ ಸೇತುವೆ ಕೆಳಗೆ ಚಾಪೆ ಹಾಸಿದ ಹಾಗೆ ಹಸಿರು. ಕೋಲು ಹಾಕಿ ಒಂದು ಗಿಡ ಎಳೆದೆ. ಒಂದೇ ಬರಲಿಲ್ಲ, ಬಳ್ಳಿ ಹಿಡಿದುಕೊಂಡು ಏಳು ಬಂದವು. ಕೆಳಗೆ ಜಡೆಯಂಥ ಕಪ್ಪು ಬೇರು, ಅದರ ತುಂಬ ಕೆಸರು, ಪ್ಲಾಸ್ಟಿಕ್ ಚೂರು. ಆ ನೀರನ್ನೇ ಕೆಳಗಿನವರು ಪಂಪು ಇಟ್ಟು ಗದ್ದೆಗೆ ಬಿಡುತ್ತಾರೆ. ಆ ಸೇತುವೆ ದಾಟುವಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ ಅಕ್ಕಾ.

ಕೊಪ್ಪಳ ಕಾಕಾ: [ಫಾರ್ವರ್ಡ್: ಅಂತರಗಂಗೆ ಬೆಳೆಸಿ, ಕೊಳಚೆ ನೀರು ಶುದ್ಧ ಮಾಡಿ] ಇದು ಈಗ ತಾನೇ ಬಂತು. ಇದರಲ್ಲಿ ಬೇರೆ ಥರ ಹೇಳಿದ್ದಾರಲ್ಲ?

ನಾನು: ಅರ್ಧ ನಿಜ ಕಾಕಾ. ನೀರಿನಲ್ಲಿರುವ ಗೊಬ್ಬರದ ಅಂಶ, ಸೀಸದಂಥ ಲೋಹ ಎಲ್ಲವನ್ನೂ ಇದರ ಬೇರು ಹೀರುತ್ತದೆ. ಆದರೆ ಹೀರಿದ ಗಿಡವನ್ನು ಆಗಾಗ ಎತ್ತಿ ಹೊರಗೆ ಹಾಕಬೇಕು. ಇಲ್ಲದಿದ್ದರೆ ಅಲ್ಲೇ ಕೊಳೆತು, ಹೀರಿದ್ದೆಲ್ಲ ಮತ್ತೆ ನೀರಿಗೇ ಸೇರುತ್ತದೆ. ನೀರು ಪೂರ್ತಿ ಮುಚ್ಚಿಹೋದರೆ ಕೆಳಗಿನ ಮೀನಿಗೆ ಉಸಿರೂ ಸಿಗುವುದಿಲ್ಲ. ಹೊಂಡಕ್ಕೆ ಬಿಟ್ಟರೆ ವಾರ ವಾರ ಎತ್ತುವವರು ಯಾರು?

ಕೊಪ್ಪಳ ಕಾಕಾ: ಅದು ಸರಿ. ದಕ್ಷಿಣ ಅಮೆರಿಕದ ಗಿಡ ಇದು. ಬಂಗಾಳದಲ್ಲಿ ದೋಣಿ ಹೋಗದ ಹಾಗೆ ಹೊಳೆಗಳನ್ನು ಮುಚ್ಚಿತ್ತು. ಇದನ್ನು ಕೀಳಿಸುವುದಕ್ಕೆ ಅಂತಲೇ 1936ರಲ್ಲಿ ಅಲ್ಲಿ ಕಾನೂನು ಬಂತು. ಇನ್ನೊಂದು ಮಾತು, ಹಳಬರು ಅಂತರಗಂಗೆ ಅನ್ನುತ್ತಿದ್ದದ್ದು ಎಲೆಕೋಸಿನ ಹಾಗೆ ತೇಲುವ ಗಿಡಕ್ಕೆ. ನೀಲಿ ಹೂವಿನದು ವಾಟರ್ ಹಯಸಿಂತ್. ಈಗ ಜನ ಎರಡಕ್ಕೂ ಒಂದೇ ಹೆಸರು ಹೇಳುತ್ತಾರೆ.

ಬಳ್ಳಾರಿ ಅಕ್ಕ: ಅದೆಲ್ಲ ಹೊಳೆಯ ಮಾತು ಕಾಕಾ. ನನ್ನದು ಟಬ್ಬು. ತಾರಸಿಯಿಂದ ಇಳಿದು ತುಂಗಭದ್ರೆಗೆ ಅದೇ ನಡೆದುಕೊಂಡು ಹೋಗುತ್ತದಾ?

ಸಿಂಧನೂರು ಮಾವ: ನಡೆಯುವುದಿಲ್ಲ ಅವ್ವಾ, ನಾವೇ ಒಯ್ದು ಬಿಡುತ್ತೇವೆ. ನಿನ್ನ ತಂಗಿ ಹೇಳಿದಳಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಮುನಿರಾಬಾದಿನ ಡ್ಯಾಮಿನಿಂದ ಇನ್ನೂರು ಕಿಲೋಮೀಟರಿಗೂ ಜಾಸ್ತಿ ಹರಿಯುತ್ತದೆ. ಕೊನೆ ಭಾಗದವರಿಗೆ ನೀರು ಮುಟ್ಟುವುದೇ ಕಷ್ಟ. ಹೋದ ಹಂಗಾಮಿನಲ್ಲಿ ನಾಟಿ ಮಾಡಿ ಎಂಟು ದಿನ ಆಗಿತ್ತು, ಗದ್ದೆಗೆ ನೀರಿಲ್ಲ. ರಾತ್ರಿ ಬ್ಯಾಟರಿ ಹಿಡಿದು ಹೋದರೆ ತೂಬಿನ ಬಾಯಿಗೆ ಇದೇ ಕಳೆ ಕಚ್ಚಿಕೊಂಡಿತ್ತು. ನೀರಿಗೆ ಇಳಿದು ಕುಡುಗೋಲಿನಿಂದ ಕೊಯ್ದು ತೆಗೆದೆ. ತೆಗೆದಷ್ಟೂ ಮೇಲಿಂದ ಬರುತ್ತಿತ್ತು. ನೀನು ಗೃಹಪ್ರವೇಶಕ್ಕೆ ಬಾ, ನಾಲ್ಕು ದಿನ ಇರು. ಆ ಬಕೆಟ್ ಮಾತ್ರ ಬೇಡ ಅವ್ವಾ.

(ಅರ್ಧ ಗಂಟೆ ಅಕ್ಕನಿಂದ ಒಂದು ಅಕ್ಷರವೂ ಇಲ್ಲ.)

ರಾಯಚೂರು ತಮ್ಮ: ನನ್ನ ಬಾಲ್ಕನಿಗೆ ಏನು ಹಾಕಲಿ ಹಾಗಾದರೆ? ಸೊಳ್ಳೆಗೆ ಅಂತ ಗಪ್ಪಿ ಮೀನು ಬೇರೆ ತಂದಿದ್ದೇನೆ.

ನಾನು: ಗಪ್ಪಿ ಇರಲಿ, ಅದನ್ನೂ ಹಳ್ಳಕ್ಕೆ ಮಾತ್ರ ಬಿಡಬೇಡ. ಎಲೆ ಪೂರ್ತಿ ಮುಚ್ಚಿದರೆ ಮೀನಿಗೆ ಸೊಳ್ಳೆಮರಿ ಸಿಗುವುದು ಕಷ್ಟ. ಒಂದು ಜಾತಿ ಸೊಳ್ಳೆಯ ಮರಿ ಇಂಥ ಗಿಡದ ಬೇರನ್ನೇ ಚುಚ್ಚಿ ಉಸಿರಾಡುತ್ತದೆ, ಉಸಿರಿಗೆ ಮೇಲೆ ಬರುವುದೇ ಇಲ್ಲ. ನಿನಗೆ ನೈದಿಲೆ ಕೊಡುತ್ತೇನೆ ತಮ್ಮಾ. ನನ್ನ ಹತ್ತಿರ ಇರುವ ಜಾತಿಯಲ್ಲಿ ಎಲೆಯ ಮೇಲೇ ಮರಿ ಹುಟ್ಟುತ್ತದೆ. ಎಲೆಗೆ ತೊಟ್ಟು ಸೇರುವ ಜಾಗದಲ್ಲಿ ಮೊದಲು ಸಾಸಿವೆಯಷ್ಟು ಗಂಟು. ಆಮೇಲೆ ಅಲ್ಲೇ ಕಿರುಬೆರಳ ಉಗುರಿನಷ್ಟು ಎಲೆ, ಕೆಳಗೆ ದಾರದಂಥ ಬಿಳಿ ಬೇರು. ಎಲೆ ಸಮೇತ ಕತ್ತರಿಸಿ ಸ್ಟೀಲ್ ಡಬ್ಬಿಯಲ್ಲಿ ತರುತ್ತೇನೆ. ತೂತಿಲ್ಲದ ಟಬ್ಬಿಗೆ ಒಂದು ಗೇಣು ಎರೆ ಮಣ್ಣು ಹಾಕು, ಮೇಲೆ ಮರಳು ಹರಡು. ಗೊಬ್ಬರ ಮಣ್ಣಿನೊಳಗೇ ಇರಬೇಕು, ನೀರಿಗೆ ಬಿದ್ದರೆ ಪಾಚಿ ಕಟ್ಟುತ್ತದೆ. ಐದಾರು ಗಂಟೆ ಬಿಸಿಲು ಬೇಕು, ನಿಮ್ಮ ರಾಯಚೂರಲ್ಲಿ ಅದಕ್ಕೇನೂ ಕಡಿಮೆ ಇಲ್ಲ.

ಬಳ್ಳಾರಿ ಅಕ್ಕ: ನನಗೆ ಬೇಜಾರಾಗಿದ್ದು ನಿಜ. ಹೋದ ಬೇಸಿಗೆಯಲ್ಲಿ ದಿನಾ ಕೊಡ ಹೊತ್ತು ತಾರಸಿ ಹತ್ತಿ ಉಳಿಸಿದ ಗಿಡ ಅದು. ಆದರೆ ಮಾವ ರಾತ್ರಿ ಕಾಲುವೆಗೆ ಇಳಿದದ್ದು ನನಗೆ ಗೊತ್ತಿರಲಿಲ್ಲ. ಈಗ ಇಷ್ಟನ್ನೂ ಏನು ಮಾಡಲಿ? ಚರಂಡಿಗೆ ಹಾಕುವ ಹಾಗಿಲ್ಲ.

ನಾನು: ಮೊದಲು ಹೂವೆಲ್ಲ ಕಿತ್ತುಬಿಡು, ಬೀಜ ಕಟ್ಟಬಾರದು. ಇದರ ಬೀಜ ಕೆಸರಿನಲ್ಲಿ 15-20 ವರ್ಷ ಬದುಕುತ್ತದೆ. ಗಿಡವನ್ನು ತಾರಸಿ ಮೇಲೆ ತೆಳ್ಳಗೆ ಹರಡು. ಬಳ್ಳಾರಿ ಬಿಸಿಲಲ್ಲಿ ಬೇಗ ಒಣಗುತ್ತದೆ. ಊದಿಕೊಂಡ ಆ ತೊಟ್ಟನ್ನು ಹಿಚುಕಿ ನೋಡು. ಮೆತ್ತಗಿದ್ದರೆ ಇನ್ನೂ ಜೀವ ಇದೆ. ಪುಡಿಪುಡಿಯಾದರೆ ಗುಲಾಬಿ ಕುಂಡಕ್ಕೆ ಹಾಕು. ಬಕೆಟ್ ಖಾಲಿಯಾದ ಮೇಲೆ ಅದರಲ್ಲಿ ನಿನ್ನ ಕಮಲದ ಗಡ್ಡೆ ತಾ. ಅದು ಟಬ್ಬು ಬಿಟ್ಟು ಹೋಗುವುದಿಲ್ಲ. ಚಿಗವ್ವಾ, ಹೊಂಡದ ಒಳಗೆ ಬೇಡ, ಕಟ್ಟೆ ಮೇಲೆ ಟಬ್ಬಿಟ್ಟು ನೆಡೋಣ.

ಕೊಪ್ಪಳ ಚಿಗವ್ವ: ಟಬ್ಬು ನಾನು ಕೊಡಿಸುತ್ತೇನೆ.

ಸಿಂಧನೂರು ಮಾವ: ಹೊಸ ಮನೆ ಬಾಗಿಲಿಗೆ ಒಂದು ಕಮಲ ಇರಲಿ ಅವ್ವಾ.

ಬಳ್ಳಾರಿ ಅಕ್ಕ: [ಫೋಟೋ] ಹರಡಿದೆ. ಗಡ್ಡೆಯನ್ನೂ ಈಗಲೇ ತೆಗೆದೆ. ನಾಲ್ಕರಲ್ಲಿ ಒಂದರ ಮೊಳಕೆ ತುದಿ ಮುರಿಯಿತು, ಅದು ಇನ್ನು ಬರುವುದಿಲ್ಲ. ಉಳಿದ ಮೂರನ್ನು ಒದ್ದೆ ಪೇಪರಿನಲ್ಲಿ ಸುತ್ತಿಟ್ಟಿದ್ದೇನೆ. ಮಾವನಿಗೆ ಒಂದು, ಚಿಗವ್ವನಿಗೆ ಒಂದು, ತಮ್ಮನಿಗೆ ಒಂದು. ನಿನಗೆ ಇಲ್ಲ ನೋಡು.

ನಾನು: ನನಗೆ ಮುಂದಿನ ವರ್ಷ ಕೊಡು. ಗೃಹಪ್ರವೇಶ ಮುಗಿದ ಮೇಲೆ ಗಂಗಾವತಿಗೆ ಬರುತ್ತೀಯಾ? ಸೇತುವೆ ಕೆಳಗೆ ಇನ್ನೂ ಇದೆ. ಒಬ್ಬಳಿಂದ ಎಳೆಯಲು ಆಗುತ್ತಿಲ್ಲ.

ಬಳ್ಳಾರಿ ಅಕ್ಕ: ಬರುತ್ತೇನೆ. ಹಳೇ ಚೂಡಿದಾರ್ ಇಟ್ಟುಕೊಳ್ಳುತ್ತೇನೆ. ಮಾವಾ, ನಿಮ್ಮ ಕುಡುಗೋಲು ಕೊಡಿ.