ಅಪ್‌ಡೇಟ್: ಕಲಬುರಗಿಯಿಂದ ಸೈಕಲ್ ರೇಸಿಂಗ್ ಲೈಸೆನ್ಸ್

ಕಲಬುರಗಿಯ ಹವ್ಯಾಸಿ ಸೈಕಲ್ ಸವಾರರು ಯಾವ ವಿಭಾಗದಲ್ಲಿ, ಯಾವಾಗ ಲೈಸೆನ್ಸ್ ಮಾಡಿಸಬೇಕು ಅಂತ ಹಿಂದೆ ಕೇಳಿದ್ದೆ. ಗೊಂದಲ ಬಹುಮಟ್ಟಿಗೆ ಬಗೆಹರಿದಿದೆ.

ವಯಸ್ಸಿಗೆ ಹುಟ್ಟಿದ ದಿನ ಲೆಕ್ಕಕ್ಕಿಲ್ಲ. ಯುಸಿಐ (ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ನಿಯಮದಲ್ಲಿ ರೇಸಿನ ವರ್ಷದಿಂದ ಹುಟ್ಟಿದ ವರ್ಷ ಕಳೆದರೆ ಮುಗೀತು: 17–18 ಜೂನಿಯರ್, 19–22 ಅಂಡರ್-23, 30 ಮತ್ತು ಅದಕ್ಕಿಂತ ಹೆಚ್ಚಿನವರು ಬಯಸಿದರೆ ಮಾಸ್ಟರ್ಸ್. 1996ರ ಡಿಸೆಂಬರ್‌ನಲ್ಲಿ ಹುಟ್ಟಿದವರು 2026ರ ಜನವರಿಯಿಂದಲೇ ಮಾಸ್ಟರ್ಸ್‌ಗೆ ಅರ್ಹರು.

ಲೈಸೆನ್ಸ್ ಕ್ಯಾಲೆಂಡರ್ ವರ್ಷದ್ದು. ನವೆಂಬರ್‌ನಲ್ಲಿ ಮಾಡಿಸಿದರೂ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಸ್ವಂತ ದುಡ್ಡಿನಲ್ಲಿ ಓಡಿಸುವವರಿಗೆ ಇದು ನಿಜಕ್ಕೂ ಅನ್ಯಾಯ, ಹಾಗಾಗಿ ವರ್ಷಾರಂಭದಲ್ಲೇ ಅರ್ಜಿ ಹಾಕಿ. ಸವಾರನಿಗೆ ಕೊಡುವ 11 ಅಂಕಿಯ ಯುಸಿಐ ಐಡಿ ಮಾತ್ರ ಬದಲಾಗುವುದಿಲ್ಲ. ನವೀಕರಣದಲ್ಲಿ ಹಳೆಯದನ್ನೇ ಕೊಡಿ, ಹೊಸ ಖಾತೆ ತೆರೆದರೆ ದಾಖಲೆ ಎರಡಾಗುತ್ತದೆ.

ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು. ಮೊದಲು ಎರಡನ್ನೂ ಒಂದು ಮಾಡಿಸಿ. 2014ಕ್ಕಿಂತ ಹಿಂದಿನ ಕಾಗದದಲ್ಲಿ ‘ಗುಲ್ಬರ್ಗಾ’ ಇದ್ದರೆ, ಈಗಿನ ವಿಳಾಸದ ಪುರಾವೆಯನ್ನೂ ಜತೆಗಿಡಿ.

ಕೊನೆಯದಾಗಿ, ರೇಸಿಗೆ ತರುವ ಸೈಕಲ್ ತೂಕ ಕನಿಷ್ಠ 6.8 ಕೆ.ಜಿ. ಇರಬೇಕು. ಬಾಟಲಿ, ಕಂಪ್ಯೂಟರ್ ತೆಗೆದೇ ತೂಗುತ್ತಾರೆ, ಮನೆಯಲ್ಲೂ ಹಾಗೇ ತೂಗಿ ನೋಡಿ.