ಟೆನಿಸ್ ಎಲ್ಬೋ: ಒಬ್ಬರಿಗೆ ಇಂಜೆಕ್ಷನ್, ಇನ್ನೊಬ್ಬರಿಗೆ ಬರೀ ವ್ಯಾಯಾಮ ಯಾಕೆ?

ಪ್ರಶ್ನಾರ್ಥಕ:
ಮೊಣಕೈ ಹೊರಬದಿಯ ನೋವು, ಬಟ್ಟೆ ಹಿಂಡುವಾಗ, ಬಕೆಟ್ ಎತ್ತುವಾಗ ಜಾಸ್ತಿ. ಇದಕ್ಕೆ ಒಬ್ಬ ಮೂಳೆ ಡಾಕ್ಟರು ಸ್ಟೀರಾಯ್ಡ್ ಇಂಜೆಕ್ಷನ್ ಅಂತಾರೆ, ಇನ್ನೊಬ್ಬರು ಬೆಲ್ಟ್ ಮತ್ತು ಫಿಸಿಯೋ, ಮೂರನೆಯವರು ನಮ್ಮದೇ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಅಂಶವನ್ನು ಚುಚ್ಚುವ ಪಿಆರ್‌ಪಿ. ಯಾವ ಆಧಾರದ ಮೇಲೆ ತೀರ್ಮಾನ? ಇಂಜೆಕ್ಷನ್ ಆದಮೇಲೂ ನೋವು ಮರಳೋದೇಕೆ?

ಮೂಳೆಮಾತು:
ಮೊದಲು ಇದು ಟೆನಿಸ್ ಎಲ್ಬೋ ಹೌದೋ ಅಲ್ಲವೋ ನೋಡಬೇಕು. ಮೊಣಕೈ ಹೊರಬದಿಯ ಎಲುಬಿನ ಉಬ್ಬಿನ ಮೇಲೇ ಒತ್ತಿದರೆ ನೋವು, ಮುಷ್ಟಿ ಕಟ್ಟಿ ಮಣಿಕಟ್ಟು ಮೇಲೆತ್ತುವಾಗ ತಡೆದರೆ ಅದೇ ಜಾಗದಲ್ಲಿ ಚುಚ್ಚು: ಅಲ್ಲಿಗೆ ಬಹುತೇಕ ಖಚಿತ. ಒತ್ತಿದರೆ ನೋಯುವ ಜಾಗ ಉಬ್ಬಿನಿಂದ 3–4 ಸೆಂ.ಮೀ. ಕೆಳಗಿದ್ದರೆ ಮುಂಗೈಯಲ್ಲಿ ಹಾದುಹೋಗುವ ರೇಡಿಯಲ್ ನರ ಒತ್ತಿಕೊಂಡಿರುವ ಅನುಮಾನ. ಕತ್ತಿನಿಂದ ಇಳಿಯುವ ನೋವು, ಬೆರಳು ಜೋಮು ಇದ್ದರೆ ಕತ್ತಿನ ನರ ನೋಡಬೇಕು. ಇಲ್ಲಿ ತಪ್ಪಿದರೆ ಯಾವ ಇಂಜೆಕ್ಷನ್ನೂ ಕೆಲಸ ಮಾಡಲ್ಲ.

ಆಮೇಲೆ ಎಷ್ಟು ತಿಂಗಳಾಯ್ತು ಅನ್ನೋದು. ಇದು ಊತಕ್ಕಿಂತ ಹೆಚ್ಚಾಗಿ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಸವೆದು ಸರಿಯಾಗಿ ಮಾಗದ ಸ್ಥಿತಿ. ಬಹುಪಾಲು ಜನರಿಗೆ ವರ್ಷದೊಳಗೆ ತಾನಾಗಿ ಇಳಿಯುತ್ತದೆ. ಹಾಗಾಗಿ ಮೊದಲ ಮೂರು ತಿಂಗಳು ಕೆಲಸದ ರೀತಿ ಬದಲಾವಣೆ, ವ್ಯಾಯಾಮ, ಬೇಕಾದರೆ ಬೆಲ್ಟ್. ಅಂಗೈ ಕೆಳಗೆ ಮಾಡಿ ಎತ್ತುವ ಭಾರವನ್ನು ಅಂಗೈ ಮೇಲೆ ಮಾಡಿ ಎತ್ತಿ; ಅರ್ಧ ಸಮಸ್ಯೆ ಅಲ್ಲೇ ಕಳೆಯುತ್ತದೆ.

ಸ್ಟೀರಾಯ್ಡ್ ಆರು ವಾರ ಅದ್ಭುತ, ಆಮೇಲೆ ಬಾಕಿ ವಸೂಲಿ. 2013ರಲ್ಲಿ ಪ್ರಕಟವಾದ ಬ್ರಿಸ್ಬೇನ್ ಅಧ್ಯಯನದಲ್ಲಿ 165 ಜನರಿದ್ದರು. ಒಂದು ವರ್ಷದಲ್ಲಿ ನೋವು ಮರುಕಳಿಸಿದ್ದು ಸ್ಟೀರಾಯ್ಡ್ ಪಡೆದವರಲ್ಲಿ ಶೇ. 54, ಹೋಲಿಕೆಗೆಂದು ಔಷಧವಿಲ್ಲದ ಬರೀ ಉಪ್ಪುನೀರಿನ ಇಂಜೆಕ್ಷನ್ ಪಡೆದವರಲ್ಲಿ ಶೇ. 12. ನೋವು ಹೋಯ್ತು ಅಂತ ಹಳೇ ಕೆಲಸಕ್ಕೇ ಇಳಿದುಬಿಡುವುದೂ ಒಂದು ಕಾರಣ ಇರಬಹುದು, ರಜ್ಜು ಮಾಗಿರುವುದಿಲ್ಲವಲ್ಲ. ನಮ್ಮ ಮೈಬಣ್ಣಕ್ಕೆ ಚುಚ್ಚಿದ ಜಾಗದಲ್ಲಿ ಬಿಳಿ ಮಚ್ಚೆ ಬಂದರೆ ಎದ್ದು ಕಾಣುತ್ತದೆ, ಅದನ್ನೂ ಮುಂಚೆ ಹೇಳಬೇಕು.

ಫಿಸಿಯೋ_ತುಮಕೂರು:
"ವ್ಯಾಯಾಮ ಮಾಡಿದೆ, ಉಪಯೋಗವಿಲ್ಲ" ಅನ್ನುವವರಲ್ಲಿ ಹೆಚ್ಚಿನವರು ಮಾಡೋದೇ ತಪ್ಪು. ಮುಂಗೈ ಮೇಜಿನ ಮೇಲೆ, ಅಂಗೈ ಕೆಳಗೆ, ಮಣಿಕಟ್ಟು ಅಂಚಿನಾಚೆ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಮೇಲೆತ್ತುವುದಕ್ಕೆ ಇನ್ನೊಂದು ಕೈಯ ಆಸರೆ ಕೊಡಿ, ಇಳಿಸುವುದು ಮಾತ್ರ ನೋವಿರುವ ಕೈಯಲ್ಲೇ, ನಿಧಾನವಾಗಿ ನಾಲ್ಕು ಎಣಿಸುತ್ತಾ. 15 ಸಲ, ಮೂರು ಸುತ್ತು, ದಿನಕ್ಕೊಮ್ಮೆ. 10ಕ್ಕೆ 3–4ರಷ್ಟು ನೋವು ಸಹಜ. ಮರುದಿನ ಬೆಳಿಗ್ಗೆ ಹೆಚ್ಚಾಗಿದ್ದರೆ ಬಾಟಲಿ ಅರ್ಧ ಖಾಲಿ ಮಾಡಿ. ಕನಿಷ್ಠ 6–12 ವಾರ ಬೇಕು, ಹತ್ತು ದಿನಕ್ಕೆ ಕೈಬಿಟ್ಟರೆ ಲೆಕ್ಕಕ್ಕಿಲ್ಲ.

ಬೆಲ್ಟನ್ನು ಉಬ್ಬಿನ ಮೇಲೇ ಕಟ್ಟಬೇಡಿ. ಎರಡು ಬೆರಳು ಕೆಳಗೆ, ಮಾಂಸದ ಮೇಲೆ. ಕೈ ಜೋಮು ಹಿಡಿದರೆ ಬಿಗಿ ಜಾಸ್ತಿ ಅಂತಲೇ ಅರ್ಥ. ಮಲಗುವಾಗ ತೆಗೆದಿಡಿ.

ಪ್ರಶ್ನಾರ್ಥಕ:
ಶುಗರ್ ಇರೋರಿಗೆ? ಪಿಆರ್‌ಪಿ, ಆಪರೇಷನ್ ಕಥೆ?

ಮೂಳೆಮಾತು:
ಸ್ಟೀರಾಯ್ಡ್ ಆದಮೇಲೆ ಕೆಲವು ದಿನ ಶುಗರ್ ಏರಬಹುದು, ಮನೆಯಲ್ಲೇ ನೋಡಿಕೊಳ್ಳುತ್ತಿರಬೇಕು. ಪಿಆರ್‌ಪಿ ದುಬಾರಿ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2021ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಬರೀ ಉಪ್ಪುನೀರಿಗಿಂತ ಹೆಚ್ಚಿನ ಲಾಭ ಬಹುಶಃ ಇಲ್ಲ. ಆಪರೇಷನ್ ಮಾತು 6–12 ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ ಸೋತವರಿಗೆ ಮಾತ್ರ. ಸಚಿನ್ ತೆಂಡೂಲ್ಕರ್ 2005ರಲ್ಲಿ ಮಾಡಿಸಿಕೊಂಡರಲ್ಲ ಅಂತ ಕೇಳುವವರುಂಟು. ಅವರ ಬ್ಯಾಟಿನ ಭಾರ, ಪಂದ್ಯಗಳ ವೇಳಾಪಟ್ಟಿ ನಮ್ಮ ಬಕೆಟ್ಟಿಗೆ ಹೊಂದಲ್ಲ.